ಹುಲ್ಲಿಗೆ ಯೂರಿಯಾ, ರೈತನಿಗೆ ಹೊರೆ

ದಸರೆ ಬಂದಾಗ ಮೈಸೂರಿನ ಅರಮನೆ ಆವರಣದಲ್ಲಿ ಆನೆಗಳ ಕುಸುರೆ ಕಟ್ಟಲು ಬಳಸುವ ಭತ್ತದ ಹುಲ್ಲನ್ನು ನಗರವಾಸಿಗಳು ಕುತೂಹಲದಿಂದ ನೋಡುತ್ತಾರೆ. ಅದೇ ಹುಲ್ಲು ಹಸುವಿನ ಮುಖ್ಯ ಮೇವಾದಾಗ ಎಷ್ಟು ನಿಸ್ಸಾರವೆಂಬುದು ಕೊಟ್ಟಿಗೆ ಉಳ್ಳವರಿಗಷ್ಟೇ ಗೊತ್ತು. ಅದರಲ್ಲಿರುವ ಸಸಾರಜನಕ ಶೇ. 3ರಿಂದ 4 ಮಾತ್ರ. ಲಿಗ್ನಿನ್ ಮತ್ತು ಸಿಲಿಕಾ ನಾರನ್ನು ಜೀರ್ಣವಾಗಗೊಡುವುದಿಲ್ಲ. ಆಕ್ಸಲೇಟು ಸುಣ್ಣದಂಶವನ್ನು ಹಿಡಿದಿಡುತ್ತದೆ.

ಇದಕ್ಕೆ ತರಬೇತಿ ಶಿಬಿರಗಳು ಸೂಚಿಸುವ ಮದ್ದು ಯೂರಿಯಾ ಉಪಚಾರ. 100 ಕೆ.ಜಿ. ಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು 50–60 ಲೀಟರ್ ನೀರಿನಲ್ಲಿ ಕರಗಿಸಿ, ಪದರಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಮುಚ್ಚಿ 21 ದಿನ ಇಡಬೇಕು. ಯೂರಿಯಾದಿಂದ ಹುಟ್ಟುವ ಅಮೋನಿಯಾ ನಾರು ಮತ್ತು ಲಿಗ್ನಿನ್ನಿನ ಬಂಧವನ್ನು ಸಡಿಲಿಸುತ್ತದೆ. ಸಸಾರಜನಕ ಸುಮಾರು ಇಮ್ಮಡಿಯಾಗುತ್ತದೆ, ಜೀರ್ಣವಾಗುವ ಪಾಲೂ ಹೆಚ್ಚುತ್ತದೆ. ಇಲ್ಲಿ ವಿಜ್ಞಾನ ಸುಳ್ಳಲ್ಲ, ಅಪೂರ್ಣವಾಗಿರುವುದು ಲೆಕ್ಕ.

4 ಕೆ.ಜಿ. ಯೂರಿಯಾದಲ್ಲಿ ಸುಮಾರು 1.84 ಕೆ.ಜಿ. ಸಾರಜನಕವಿದೆ. ಹುಲ್ಲಿನ ಸಸಾರಜನಕ ಶೇ. 3.5ರಿಂದ 7.5ಕ್ಕೆ ಏರಿತೆಂದರೂ ಹುಲ್ಲಿನಲ್ಲಿ ಉಳಿದದ್ದು 0.64 ಕೆ.ಜಿ. ಸಾರಜನಕ. ಉಳಿದ ಎರಡು ಪಾಲು, ಬಣವೆ ತೆರೆದಾಗ ಕಣ್ಣುರಿಸುತ್ತ ಗಾಳಿಗೆ ಹೋಗುತ್ತದೆ. ಪ್ಲಾಸ್ಟಿಕ್ ಹಾಳೆ, ಕೂಲಿ, ಬೇಸಿಗೆಯಲ್ಲಿ ದೂರದಿಂದ ಹೊತ್ತು ತರಬೇಕಾದ ನೀರು: ಇವು ಯಾರ ಲೆಕ್ಕಕ್ಕೆ? ಯೂರಿಯಾ ಕಲಸಿದ ನೀರನ್ನು ದನ ಕುಡಿದರೆ ಸಾವು ಖಚಿತವೆನ್ನುವಷ್ಟು ಸಮೀಪ. ಆರು ತಿಂಗಳೊಳಗಿನ ಕರುವಿಗೆ ಈ ಹುಲ್ಲು ಸಲ್ಲದು. ಎಂಬತ್ತರ ದಶಕದಿಂದಲೂ ಪ್ರಾತ್ಯಕ್ಷಿಕೆಗಳು ನಡೆದಿವೆ. ಶಿಬಿರ ಮುಗಿದ ಮೇಲೆ ಮುಂದುವರಿಸಿದವರು ವಿರಳ. ಅದನ್ನು ರೈತರ ಅಜ್ಞಾನವೆಂದು ಕರೆಯುವುದು ಅಹಂಕಾರ. ರೈತರು ಲೆಕ್ಕ ಹಾಕಿ ಕೈಬಿಟ್ಟಿದ್ದಾರೆ.

ಕೊರತೆಯ ಮೂಲ ಬೇರೆಡೆ ಇದೆ. ತಳಿಗಳನ್ನು ಕಾಳಿನ ತೂಕದಿಂದ ಮಾತ್ರ ಆರಿಸಿದ್ದರಿಂದ ಗಿಡ್ಡ ಭತ್ತ ಬಂದು ಹುಲ್ಲು ಕಡಿಮೆಯಾಯಿತು. ನಾಲೆಯ ಬಯಲಿನಲ್ಲಿ ಕೊಯ್ಲು ಯಂತ್ರ ಓಡಿದಲ್ಲಿ ಹುಲ್ಲು ತುಳಿದು ಮಣ್ಣುಪಾಲಾಗುತ್ತದೆ, ಇಲ್ಲವೇ ಸುಡಲ್ಪಡುತ್ತದೆ. ಭತ್ತದ ಹುಲ್ಲಿಗಿಂತ ಮೇಲಾದ, ಸುಣ್ಣದಂಶ ಹೆಚ್ಚಿರುವ ರಾಗಿ ಹುಲ್ಲು ರಾಗಿ ಹೊಲದೊಂದಿಗೇ ಕುಗ್ಗುತ್ತಿದೆ. ಇಷ್ಟೆಲ್ಲ ಕಳೆದುಕೊಂಡ ಬಳಿಕ, ನಗರದ ಹಾಲಿನ ಬೇಡಿಕೆ ಪೂರೈಸಲು ಗೊಬ್ಬರದ ಚೀಲವನ್ನೇ ಗೋದಲಿಗೆ ತರಬೇಕೆಂಬುದು ಯಾವ ನ್ಯಾಯ?

ಹಸಿರಿಲ್ಲದ ಬರಗಾಲದಲ್ಲಿ, ತಿಳಿದವರ ಮಾರ್ಗದರ್ಶನದಲ್ಲಿ ಯೂರಿಯಾ ಉಪಚಾರ ಉಪಯುಕ್ತವೇ. ಅದು ಆಪತ್ಕಾಲದ ಉಪಾಯವಾಗಿರಲಿ, ಮೇವಿನ ನೀತಿಯಾಗದಿರಲಿ. ಹುಲ್ಲನ್ನು ಕತ್ತರಿಸಿ ಹಾಕಿದರೆ ವ್ಯರ್ಥ ತಗ್ಗುತ್ತದೆ. ಹುರುಳಿ, ಅವರೆ, ಅಲಸಂದೆಯ ಹೊಟ್ಟು ಬೆರೆಸಿದರೆ ಸಸಾರಜನಕ ಸಿಗುತ್ತದೆ. ಬದುವಿನ ಗೊಬ್ಬರದ ಗಿಡದ ಸೊಪ್ಪನ್ನು ಬಾಡಿಸಿ ಮಿತವಾಗಿ ಕೊಡಬಹುದು.

ತಳಿ ಬಿಡುಗಡೆ ಮಾಡುವ ಸಂಸ್ಥೆಗಳು ಕಾಳಿನ ಜೊತೆ ಹುಲ್ಲಿನ ತೂಕವನ್ನೂ ಅದರ ಜೀರ್ಣಗುಣವನ್ನೂ ಪ್ರಕಟಿಸಬೇಕು. ಗ್ರಾಮಸಭೆಗಳು ಈ ಬೇಡಿಕೆಯನ್ನು ಠರಾವು ಮಾಡಲಿ. ಕೃಷಿ ವಿದ್ಯಾರ್ಥಿಗಳು ತಮ್ಮ ಅಧ್ಯಾಪಕರಿಗೆ ಇದೇ ಪ್ರಶ್ನೆ ಕೇಳಲಿ. ಬೆಳೆಯ ಅರ್ಧ ಹಸುವಿನ ಪಾಲು. ಅದನ್ನು ಹೊಲದಲ್ಲೇ ಉಳಿಸಿಕೊಳ್ಳುವುದು ಬಣವೆಯಲ್ಲಿ ದುರಸ್ತಿ ಮಾಡುವುದಕ್ಕಿಂತ ಅಗ್ಗ.