ಬದುಕಿ ಬಂದ ಯೋಧ ಯಾರಿಗೆ ನೆನಪು?

ಜುಲೈ 26 ಬಂತೆಂದರೆ ವಾಟ್ಸಾಪ್ ತುಂಬ ಕಾರ್ಗಿಲ್ ಯೋಧರ ಫೋಟೋಗಳು. ಸಂಜೆಯ ಹೊತ್ತಿಗೆ ಎಲ್ಲರೂ ಮರೆತಿರುತ್ತಾರೆ, ಆ ಮಾತು ಬಿಡಿ. ನನ್ನ ತಕರಾರು ಬೇರೆ. ಆ ಫೋಟೋಗಳ ನಡುವೆ ನಮ್ಮ ದಾವಣಗೆರೆ ಜಿಲ್ಲೆಯವರೇ ಆದ ಕರ್ನಲ್ ಎಂ.ಬಿ. ರವೀಂದ್ರನಾಥ್ ಅವರನ್ನು ನಾನು ಒಂದು ಸಲವೂ ಕಂಡಿಲ್ಲ. ನಾನು ಚನ್ನಗಿರಿ ತಾಲ್ಲೂಕಿನ ನಲ್ಲೂರಿನವನು. ಇವತ್ತಿನ ಅಡಿಕೆ ಧಾರಣೆ ಎಷ್ಟು ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುವ ನಮ್ಮ ಕಡೆಯ ಜನಕ್ಕೆ ಈ ಹೆಸರು ಹೇಳಿದರೆ "ಯಾರಪ್ಪ ಅವ್ರು?" ಅಂತಾರೆ.

ಯಾರು ಅಂತ ಹೇಳ್ತೀನಿ ಕೇಳಿ. ಬಿಜಾಪುರದ ಸೈನಿಕ ಶಾಲೆಯಲ್ಲಿ ಓದಿದವರು. 1999ರಲ್ಲಿ ಎರಡನೇ ರಜಪುತಾನಾ ರೈಫಲ್ಸ್ ಪಡೆಯ ಕಮಾಂಡಿಂಗ್ ಆಫೀಸರ್. ಆಗ ನನಗೆ ಎರಡು ವರ್ಷ, ಚಡ್ಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ :) ದ್ರಾಸ್ ಊರಿನ ನೆತ್ತಿಯ ಮೇಲೆ ತೋಲೋಲಿಂಗ್ ಅನ್ನುವ ಬೋಳು ಬೆಟ್ಟ. ಅದರ ತುದಿಯಲ್ಲಿ ಕೂತವನಿಗೆ ಶ್ರೀನಗರ-ಲೇಹ್ ಹೆದ್ದಾರಿಯಲ್ಲಿ ಓಡಾಡುವ ಲಾರಿಗಳು ಅಂಗೈ ಗೆರೆಯಷ್ಟು ಸ್ಪಷ್ಟ. ಅಲ್ಲಿ ಶತ್ರು ಕೂತಿದ್ದ. ಮೇ ತಿಂಗಳಿಂದ 18ನೇ ಗ್ರೆನೇಡಿಯರ್ಸ್ ಮತ್ತೆ ಮತ್ತೆ ಹತ್ತಿ ಮೇಜರ್ ರಾಜೇಶ್ ಅಧಿಕಾರಿಯಂಥವರನ್ನು ಕಳೆದುಕೊಂಡಿತ್ತು. ಮರೆಗೆ ಒಂದು ಗಿಡವೂ ಇಲ್ಲದ ಇಳಿಜಾರು, ಮೇಲಿನಿಂದ ಮೆಷಿನ್ ಗನ್.

ರವೀಂದ್ರನಾಥ್ ಅವಸರ ಮಾಡಲಿಲ್ಲ. ಬೆಟ್ಟವನ್ನು ನೋಡಿ ನೋಡಿ ಅರ್ಥ ಮಾಡಿಕೊಂಡು, ಹುಡುಗರನ್ನು ಅಣಿ ಮಾಡಿ, ಫಿರಂಗಿಗಳ ಬೆಂಬಲ ಖಚಿತವಾದ ಮೇಲೆ ಕಳಿಸಿದರು. ಜೂನ್ 12ರ ರಾತ್ರಿ ಶುರುವಾದ ದಾಳಿ, 13ರ ಬೆಳಗ್ಗೆ ಹೊತ್ತಿಗೆ ತೋಲೋಲಿಂಗ್ ನಮ್ಮದು. ಆ ಯುದ್ಧದ ಮೊದಲ ದೊಡ್ಡ ಗೆಲುವು ಅದೇ. ಡೆಡ್‌ಲೈನ್ ತಲೆ ಮೇಲೆ ಕೂತಾಗ ಟೆಸ್ಟಿಂಗ್ ಬಿಟ್ಟು ರಿಲೀಸ್ ಮಾಡುವ ನಮ್ಮಂಥವರು ಆ ಕಾಯುವಿಕೆಯ ಬೆಲೆಯನ್ನು ಊಹಿಸಿಕೊಳ್ಳಬಹುದೇನೋ... ಹೋಲಿಕೆ ಬಾಲಿಶ, ಗೊತ್ತು. ನಮ್ಮಲ್ಲಿ ಯಾರೂ ಸಾಯುವುದಿಲ್ಲ.

ಅಲ್ಲಿ ಸತ್ತರು. ತೋಲೋಲಿಂಗ್‌ನಲ್ಲಿ ಮೇಜರ್ ವಿವೇಕ್ ಗುಪ್ತ. ಎರಡು ವಾರದ ಮೇಲೆ ತ್ರೀ ಪಿಂಪಲ್ಸ್ ದಾಳಿಯಲ್ಲಿ ಮೇಜರ್ ಪದ್ಮಪಾಣಿ ಆಚಾರ್ಯ, ನಾಗಾಲ್ಯಾಂಡಿನ ಕ್ಯಾಪ್ಟನ್ ಕೆಂಗುರುಸೆ, 22 ವರ್ಷದ ಕ್ಯಾಪ್ಟನ್ ವಿಜಯಂತ್ ಥಾಪರ್. ಈ ಒಂದೇ ಪಡೆಗೆ ನಾಲ್ಕು ಮಹಾವೀರ ಚಕ್ರ ಬಂದವು, ಪಡೆದ ನಾಲ್ವರಲ್ಲಿ ಬದುಕುಳಿದದ್ದು ನಾಯಕ್ ದಿಗೇಂದ್ರ ಕುಮಾರ್ ಒಬ್ಬರೇ. ರವೀಂದ್ರನಾಥ್ ಅವರಿಗೆ ವೀರ ಚಕ್ರ.

ನನ್ನ ಪ್ರಕಾರ ನಾವು ಯೋಚಿಸದೇ ಬಿಟ್ಟಿರುವುದು ಇಲ್ಲೇ. ಮುನ್ನುಗ್ಗಿ ಪ್ರಾಣ ಕೊಡುವವನ ಧೈರ್ಯ ನಮಗೆ ಅರ್ಥವಾಗುತ್ತದೆ, ಅದರ ಮೇಲೆ ಸಿನಿಮಾ ಮಾಡಬಹುದು (2021ರಲ್ಲಿ ವಿಕ್ರಮ್ ಬಾತ್ರಾ ಮೇಲೆ ಬಂತಲ್ಲ). ಆದರೆ ಹೆಸರು ಹಿಡಿದು ಕರೆಯುವಷ್ಟು ಹತ್ತಿರದ ಹುಡುಗರನ್ನು "ಹೋಗು" ಅಂತ ಕಳಿಸಿ, ಬೆಳಗ್ಗೆ ಬಾರದವರ ಲೆಕ್ಕ ಹಾಕಿ, ಎರಡು ವಾರದಲ್ಲಿ ಉಳಿದವರನ್ನು ಇನ್ನೊಂದು ಬೆಟ್ಟಕ್ಕೆ ಕಳಿಸುವುದು? ಆಮೇಲೆ ಮನೆಗೆ ಬಂದು ಹೆಂಡತಿ, ಇಬ್ಬರು ಹೆಣ್ಣುಮಕ್ಕಳ ಜೊತೆ ಕೂತು ಊಟ ಮಾಡುವುದು? ಅದನ್ನು ಅವರು ಸುಮಾರು 19 ವರ್ಷ ಮಾಡಿದರು. 2018ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಇನ್ನೂ ಅರವತ್ತೂ ಆಗಿರಲಿಲ್ಲ.

ತೋಲೋಲಿಂಗ್ ಬುಡದಲ್ಲೇ ಯುದ್ಧ ಸ್ಮಾರಕವಿದೆ. ಅಲ್ಲಿನ ಗೋಡೆಯ ಮೇಲೆ ಮಡಿದವರ ಹೆಸರುಗಳನ್ನು ಕೆತ್ತಿದ್ದಾರೆ. ಅದು ಸರಿಯೇ, ಆ ಗೋಡೆ ಅವರದೇ. ಆದರೆ ಬದುಕಿ ಬಂದವರಿಗೆ ಗೋಡೆ ಇಲ್ಲ, ಅವರಿಗೆ ಇರುವುದು ಊರು ಮಾತ್ರ. ಊರು ಏನು ಮಾಡುತ್ತದೆ? ಸೈನ್ಯ ಅಂದರೆ ಕೊಡಗು, ಕಾರ್ಯಪ್ಪ, ತಿಮ್ಮಯ್ಯ ಅಂತ ಹೇಳಿ ಸುಮ್ಮನಾಗುತ್ತದೆ. ಮೆಕ್ಕೆಜೋಳ, ಅಡಿಕೆ ಬೆಳೆಯುವ ನಮ್ಮ ಸೀಮೆಯಿಂದಲೂ ಒಬ್ಬರು ಹೋಗಿ ಯುದ್ಧದ ದಿಕ್ಕು ತಿರುಗಿಸಿದ ಪಡೆಯನ್ನು ನಡೆಸಿದರು ಅಂತ ನಮ್ಮ ಶಾಲೆಯಲ್ಲಿ ಯಾವ ಮೇಷ್ಟ್ರೂ ನನಗೆ ಹೇಳಲಿಲ್ಲ. ಜೂನ್ 13ರಂದು, ಶಾಲೆ ಆಗಷ್ಟೇ ಶುರುವಾಗಿರುತ್ತದೆ, ಪ್ರಾರ್ಥನೆ ಮುಗಿದ ಮೇಲೆ ಹತ್ತು ನಿಮಿಷ ಈ ಕಥೆ ಹೇಳಿದರೆ ಯಾವ ಸಿಲಬಸ್ಸೂ ಕೆಡುವುದಿಲ್ಲ.

ಇನ್ನು ನಿವೃತ್ತರಾಗಿ ಬಂದವರು ಹಳ್ಳಿಗಳಲ್ಲಿ ಅಲ್ಲಲ್ಲಿ ಇದ್ದಾರೆ, ಅವರ ಹೆಸರಿನ ಹಿಂದೆ "ಮಿಲಿಟ್ರಿ" ಸೇರಿಕೊಂಡಿರುತ್ತದೆ. ಸಿಕ್ಕಾಗೆಲ್ಲ ನಾವು ಕೇಳುವುದು ಒಂದೇ, ಕ್ಯಾಂಟೀನಿನ ರಮ್ಮು ಒಂದು ಬಾಟಲಿ ಸಿಗುತ್ತಾ ಅಣ್ಣಾ ಅಂತ. ದಸರಾಕ್ಕೋ ದೀಪಾವಳಿಗೋ ಊರಿಗೆ ಹೋಗ್ತೀರಲ್ಲ, ಆ ಅಣ್ಣನನ್ನು ಈ ಸಲ ಬೇರೇನಾದರೂ ಕೇಳಿ ನೋಡಿ. ಅವರು ಹೇಳಿದ್ದನ್ನು ಬರೆಯಿರಿ, ನಾನು ಓದುತ್ತೇನೆ.