ಮೀನು ಬಿಟ್ರ ಆತೇನ್ರಿ? ಮುಚ್ಚಳ ಎಲ್ಲಿ?

ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಮ್ಮಂಥವರಿಗೆ ನೀರು ಕೂಡಿಡದೆ ಗತಿಯಿಲ್ಲ. 2016ರ ಏಪ್ರಿಲ್‌ನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ತಂದರು. ಮೊದಲ ಗಾಡಿಯಲ್ಲಿ ಬಂದದ್ದು ಐದು ಲಕ್ಷ ಲೀಟರ್. ಅಂಥ ಬರ ಕಂಡವರು ಟಾಕಿ ಖಾಲಿ ಬಿಡ್ತಾರೇನು?

ಆದರೆ ಕೂಡಿಟ್ಟ ನೀರಿನಲ್ಲೇ ಡೆಂಗ್ಯೂ ಸೊಳ್ಳೆ ಹುಟ್ಟುತ್ತದೆ. ಗಟಾರದ ಸೊಳ್ಳೆ ಬೇರೆ, ಇದು ಬೇರೆ. ಇದಕ್ಕೆ ತಿಳಿನೀರೇ ಹೆಚ್ಚು ಇಷ್ಟ. ಅದಕ್ಕೇ ಆರೋಗ್ಯ ಇಲಾಖೆಯವರು ಗಪ್ಪಿ ಮೀನು ಬಿಡ್ರಿ ಅಂತಾರೆ. ಗಪ್ಪಿ ಸೊಳ್ಳೆಮರಿ ತಿನ್ನುವುದು ಖರೆ. ಹೋದ ಮಳೆಗಾಲದಲ್ಲಿ ನಾನೂ ಬಳಕೆಯ ನೀರಿನ ಸಿಮೆಂಟ್ ಟಾಕಿಗೆ ಹತ್ತು ಮೀನು ಬಿಟ್ಟೆ. ಕೆಲಸ ಮುಗೀತು ಎಂದು ಸುಮ್ಮನಾದೆ. ಟಾಕಿಯ ಬಾಯಿ ತೆರೆದೇ ಇತ್ತು. ಕೆಲವು ಜಿಗಿದು ಹೊರಬಿದ್ದು ಸತ್ತವು, ಕೆಲವು ಕೊಡದ ನೀರಿನ ಜೊತೆ ಹೋದವು, ಉಳಿದವು ಬೆಕ್ಕಿನ ಪಾಲಾದವು. ಹದಿನೈದು ದಿನಕ್ಕೆ ನೀರಿನಲ್ಲಿ ಮರಿ ಕುಣೀತಿದ್ದವು. ತಮ್ಮನ ಮಗಳು ಡೆಂಗ್ಯೂ ಆಗಿ ಆರು ದಿನ ದವಾಖಾನೆಯಲ್ಲಿ ಮಲಗಿದಳು. ಕಚ್ಚಿದ ಸೊಳ್ಳೆ ನಮ್ಮ ಟಾಕಿಯದೇ ಎಂದು ಆಣೆ ಮಾಡಿ ಹೇಳಲಾರೆ. ಅಲ್ಲ ಅನ್ನೋ ಧೈರ್ಯವೂ ನನಗಿಲ್ಲ.

ಕಟ್ಟೆಯ ಮೇಲೆ ಕೂತವರು ಹೇಳುತ್ತಾರೆ: "ಮುಚ್ಚಳ ಪಂಚಾಯತಿಯವರು ಕೊಡ್ಲಿ." ಯಾರ ಟಾಕಿಯ ಬಾಯಿ ಎಷ್ಟಗಲ ಅದ ಅಂತ ಪಂಚಾಯತಿಗೆ ಹ್ಯಾಂಗ ಗೊತ್ತಾಗಬೇಕು? ಅಂಗಡಿಯ ಮುಚ್ಚಳ ಡ್ರಮ್ಮಿಗೆ ಕೂಡ್ತದ, ನಮ್ಮ ವಾರೆಕೋರೆ ಟಾಕಿಗೆ ಕೂಡೋದಿಲ್ಲ. ಅಳತೆ ನಮ್ಮದು, ಮುಚ್ಚಳವನ್ನೂ ನಾವೇ ಮಾಡಬೇಕು.

ಇನ್ನು ಕೆಲವರು ಪ್ಲಾಸ್ಟಿಕ್ ಹಾಳೆ ಹೊದಿಸಿ "ಮುಚ್ಚೀನಿ" ಅಂತಾರೆ. ಅದರ ಮಡಿಕೆಯಲ್ಲಿ ಮಳೆನೀರು ನಿಂತರೆ ಸೊಳ್ಳೆಗೆ ಇನ್ನೊಂದು ತೊಟ್ಟಿಲು. ಬಿಗಿದು ಕಟ್ಟಿದರೆ ಮೀನಿಗೆ ಗಾಳಿಯಿಲ್ಲ.

ನಾನು ಮಾಡಿದ್ದು ಇಷ್ಟೇ. ಮುರಿದ ಹೊರಸಿನ ಕಟ್ಟಿಗೆಯಿಂದ ಟಾಕಿಯ ಬಾಯಿಗಿಂತ ನಾಲ್ಕು ಬೆರಳು ದೊಡ್ಡದಾದ ಚೌಕಟ್ಟು ಕಟ್ಟಿದೆ. ಕಿಟಕಿಗೆ ಹೊಡೆಯುವ ನೈಲಾನ್ ಸೊಳ್ಳೆಜಾಳಿ ಎಳೆದು ಮೊಳೆ ಹೊಡೆದೆ. ಜಾಳಿ ಜೋತು ನೀರಿಗೆ ತಾಗಬಾರದು. ಕೆಳಗಿನ ಅಂಚಿಗೆ ಹಳೆ ಸೈಕಲ್ ಟ್ಯೂಬ್ ಸುತ್ತಿದೆ, ಸಂದು ಮುಚ್ಚಿತು. ಕೊಡ ಹಿಡಿಸುವಷ್ಟು ಸಣ್ಣ ಬಾಗಿಲು, ಅದಕ್ಕೆ ಟಯರ್ ತುಂಡೇ ಬಿಜಾಗ್ರಿ. ಬೆಕ್ಕು ಸರಿಸದಂತೆ ಮೇಲೊಂದು ಕಲ್ಲು. ನೀರು ಉಕ್ಕಿ ಹೋಗುವ ಪೈಪಿನ ಬಾಯಿಗೂ ಜಾಳಿ ಕಟ್ಟಿದೆ. ಗಪ್ಪಿ ದಕ್ಷಿಣ ಅಮೆರಿಕದ ಮೀನು. ಹಳ್ಳ ಸೇರಿದರೆ ಅಲ್ಲಿನ ನಮ್ಮ ಮೀನುಗಳಿಗೆ ಕುತ್ತು.

ಮುಚ್ಚಳ ಬಂತೆಂದು ವಾರಕ್ಕೊಮ್ಮೆ ಟಾಕಿ ತಿಕ್ಕೋದು ಬಿಡಬ್ಯಾಡ್ರಿ. ಗೋಡೆಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಮೀನನ್ನು ಬಕೆಟ್ಟಿಗೆ ಹಾಕಿ, ಗೋಡೆ ತಿಕ್ಕಿ, ಮತ್ತೆ ನೀರು ತುಂಬಿರಿ.

ಗುರುಜಿಯವರಿಗೂ ಒಂದು ಮಾತು. ಉದ್ದ, ಅಗಲದ ಲೆಕ್ಕವನ್ನು ಹಲಗೆಯ ಮೇಲೆ ಎಷ್ಟು ಸಲ ಬರೆಸಿದ್ದೀರಿ! ಈ ಸಲ ಹುಡುಗರ ಕೈಗೆ ಟೇಪು ಕೊಟ್ಟು ಮನೆಯ ಟಾಕಿ ಅಳೆಸಿರಿ. ಅದಕ್ಕೂ ಮೊದಲು ಶಾಲೆಯ ಟಾಕಿ ಅಳೆಯಿರಿ. ಅದರ ಬಾಯಿಯೂ ತೆರೆದೇ ಅದ.