ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ



ಕಳೆದ ವಾರ ಜಯನಗರ ನಾಲ್ಕನೇ ಬ್ಲಾಕಿನಿಂದ ಬನಶಂಕರಿಗೆ ಬಸ್ಸಿನಲ್ಲಿ ಹೊರಟಿದ್ದೆ. ಮಗುವನ್ನೆತ್ತಿಕೊಂಡ ತಾಯಿಯೊಬ್ಬರು ನಿಂತಿದ್ದರು. ಪಕ್ಕದ ಸೀಟಿನ ಮೇಲೆ ಚೀಲವಿರಿಸಿಕೊಂಡು ಕುಳಿತಿದ್ದ ತರುಣನೊಬ್ಬ, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ, ಮುಂದಿನ ಸ್ಟಾಪಲ್ಲಿ ಖಾಲಿ ಆಗತ್ತೆ" ಎಂದ. ಬಹುಕಾಲ ಇಂಗ್ಲಿಷ್ ಪಾಠ ಹೇಳಿದ ನನಗೆ ಆ ಕ್ರಿಯಾಪದ ಕಿವಿಯಲ್ಲೇ ಉಳಿಯಿತು.

ಈ ಶಬ್ದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದದ್ದು, ಮೂಲ ಲ್ಯಾಟಿನ್. ‘ಅಡ್’ ಎಂದರೆ ಕಡೆಗೆ, ‘ಯುಕ್ಸ್ಟಾ’ ಎಂದರೆ ಪಕ್ಕದಲ್ಲಿ. ಹತ್ತಿರಕ್ಕೆ ತಂದು ಸೇರಿಸುವುದು ಎಂಬುದೇ ಮೊದಲ ಅರ್ಥ. ನಮ್ಮ ‘ಯೋಗ’ಕ್ಕೆ ಮೂಲವಾದ ‘ಯುಜ್’ ಧಾತುವಿಗೂ ಇದಕ್ಕೂ ದೂರದ ನಂಟಿದೆ. ಕಾಲಕ್ರಮದಲ್ಲಿ ಜನ ಇದನ್ನು ‘ಯುಸ್ಟುಸ್’, ಅಂದರೆ ನ್ಯಾಯವಾದ, ಎಂಬ ಬೇರೊಂದು ಲ್ಯಾಟಿನ್ ಶಬ್ದದೊಡನೆ ಬೆರೆಸಿ ಅರ್ಥಮಾಡಿಕೊಂಡರು. ‘ಜಸ್ಟಿಸ್’ ಆ ಮನೆತನದ್ದು. ಹೀಗಾಗಿ ಗಡಿಯಾರದ ಮುಳ್ಳನ್ನೋ ಲೆಕ್ಕವನ್ನೋ ಸರಿಪಡಿಸುವುದಕ್ಕೂ ಇದೇ ಪದ ಒದಗಿತು.

ಇಂಗ್ಲಿಷಿನಲ್ಲಿ ವಸ್ತುವನ್ನು ಸರಿಹೊಂದಿಸುವುದಕ್ಕೂ ತಾನೇ ಹೊಂದಿಕೊಳ್ಳುವುದಕ್ಕೂ ಒಂದೇ ಕ್ರಿಯಾಪದ. ಕನ್ನಡವೋ ಎರವಲು ತಂದ ಪದಕ್ಕೂ ತನ್ನ ವ್ಯಾಕರಣವನ್ನು ತೊಡಿಸಿದೆ. ಫ್ಯಾನಿನ ವೇಗವನ್ನು ‘ಅಡ್ಜಸ್ಟ್ ಮಾಡು’ತ್ತೇವೆ, ಸೆಕೆಯಲ್ಲಿ ‘ಅಡ್ಜಸ್ಟ್ ಮಾಡಿಕೊಳ್ಳು’ತ್ತೇವೆ. ಅವಸರದ ಬೆಂಗಳೂರು ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂದು ಮೊಟಕುಗೊಳಿಸಿದರೂ ಒಳಗಿನ ಅರ್ಥ ‘ಮಾಡಿಕೊಳ್ಳಿ’ ಎಂದೇ. ಆ ‘ಕೊಳ್ಳು’ ಎಂಬ ಪುಟ್ಟ ಸಹಾಯಕ ಕ್ರಿಯಾಪದದಲ್ಲಿ ಕಷ್ಟದ ಭಾರವೆಲ್ಲ ಕೇಳಿಸಿಕೊಂಡವನ ಹೆಗಲಿಗೆ ವರ್ಗವಾಗಿಬಿಡುತ್ತದೆ.

ಇದನ್ನು ಹೇಳಲು ನನಗೊಂದು ಕಾರಣವಿದೆ. ಹಿಂದೆ ನನ್ನ ತರಗತಿಯ ಹುಡುಗಿಯೊಬ್ಬಳು, "ಸಾರ್, ಬೋರ್ಡ್ ಕಾಣಲ್ಲ, ಮುಂದೆ ಕೂರಲಾ?" ಎಂದು ಕೇಳಿದ್ದಳು. ಅರವತ್ತು ಮಕ್ಕಳ ಕೊಠಡಿ ಅದು. "ಸ್ವಲ್ಪ ಅಡ್ಜಸ್ಟ್ ಮಾಡ್ಕೋಮ್ಮ" ಎಂದೆ. ಆಕೆ ಮತ್ತೆ ಕೇಳಲಿಲ್ಲ. ವರ್ಷವಿಡೀ ಪಕ್ಕದವಳ ಪುಸ್ತಕ ನೋಡಿ ಬರೆದುಕೊಂಡಳು. ಅವಳ ಅಂಕಗಳು ಇಳಿದಾಗ ಗದರಿಸಿದವನೂ ನಾನೇ. ಮರುವರ್ಷ ಅವಳು ದಪ್ಪ ಕನ್ನಡಕ ಧರಿಸಿ ಬಂದಾಗ ನನಗೆ ಮುಖವೆತ್ತಿ ನೋಡಲಾಗಲಿಲ್ಲ. ಒಂದು ಬೆಂಚನ್ನು ನಾನು ‘ಅಡ್ಜಸ್ಟ್ ಮಾಡಿ’ದ್ದರೆ ಸಾಕಿತ್ತು.

ಹೊಂದಾಣಿಕೆಯಿಲ್ಲದೆ ಸಂಸಾರವಾಗಲಿ ನಗರವಾಗಲಿ ನಡೆಯದೆಂಬುದನ್ನು ಬಲ್ಲೆ. ಆದರೆ ಮನೆಯಲ್ಲಿ ಸೊಸೆಗೆ, ಕಚೇರಿಯಲ್ಲಿ ಕಿರಿಯರಿಗೆ, ಶಾಲೆಯಲ್ಲಿ ಮಕ್ಕಳಿಗೆ ಮಾತ್ರ ಈ ಉಪದೇಶ ಸಲ್ಲುತ್ತಿದೆ. ಕುಳಿತವರು ನಿಂತವರಿಗೆ ಹೇಳುವ ಮಾತು ಇದಲ್ಲ. ನಿಂತವರು ಕುಳಿತವರನ್ನು ಕೇಳಬೇಕಾದ ಮಾತು. ಪಕ್ಕಕ್ಕೆ ಸರಿಯಲು ಸ್ಥಳವಿರುವವನೇ ಮೊದಲು ಸರಿಯಬೇಕು.

ಅಂದು ಬಸ್ಸಿನಲ್ಲಿ ನಾನು ಎದ್ದು ನಿಂತು ಆ ತಾಯಿಯನ್ನು ಕರೆದೆ. "ಬೇಡಿ ಸಾರ್, ನೀವು ಕೂತ್ಕೊಳ್ಳಿ" ಎಂದರು ಆಕೆ. ಆಗ ಆ ತರುಣ ನಮ್ಮಿಬ್ಬರನ್ನೂ ನೋಡಿ, ಏನೂ ಹೇಳದೆ, ಚೀಲವನ್ನೆತ್ತಿ ತೊಡೆಯ ಮೇಲಿಟ್ಟುಕೊಂಡ.